ತೆಂಗಿನ ಬುಡಕ್ಕೆ ಸುರಿದ ಗಿಣ್ಣು

"ಕೆಂಪಗೆ ಕಾಣ್ತಾ ಇದೆ ಡಾಕ್ಟ್ರೇ, ಮಖಮಲ್ ಬಟ್ಟೆ ಥರ!" ವೃಷಭೇಂದ್ರಪ್ಪ ಫೋನಿಗೆ ಕೂಗಿದರು. ಅವರ ಗಬ್ಬದ ಕುದುರೆ ಚೆಲುವಿ ಹುಲ್ಲಿನ ಮೇಲೆ ಅಡ್ಡಬಿದ್ದು ತಿಣುಕುತ್ತಿದ್ದಳು. ಲಾಯದ ಹೊರಗೆ ಬೋಗಾದಿಯ ಹೊಸ ಮನೆಗಳ ಮೇಲೆ ಈಗಷ್ಟೇ ಬೆಳಕು ಹರಿಯುತ್ತಿತ್ತು.

"ಬಿಳಿ ಪೊರೆ ಅಲ್ವಾ?" ಎಂದರು ಡಾಕ್ಟರ್ ಹೇಮಶ್ರೀ.

"ಅಲ್ಲ."

"ಹಾಗಾದ್ರೆ ಮರಿಗಿಂತ ಮಾಸೇ ಮುಂದೆ ಬಂದಿದೆ. ಒಳಗೆ ಮರಿಗೆ ಉಸಿರು ಸಿಗ್ತಿಲ್ಲ. ನಾನು ಶ್ರೀರಾಂಪುರದಿಂದ ಬರೋವರೆಗೂ ಕಾಯ್ಬೇಡಿ. ಅದನ್ನ ಕೊಯ್ದು ಮರೀನ ಎಳೀರಿ, ಈಗ್ಲೇ."

ಊರಿನ ಅರ್ಧ ಮಕ್ಕಳಿಗೆ ಕುದುರೆ ಸವಾರಿ ಕಲಿಸಿದ ವೃಷಭೇಂದ್ರಪ್ಪನವರು ಕತ್ತರಿ ಎತ್ತಿಕೊಂಡು ಕೊಯ್ಯಲಾರದೆ ನಿಂತರು. ಕತ್ತರಿ ಕಸಿದುಕೊಂಡವರು ಅವರ ಹೆಂಡತಿ ಗಿರಿಜಾಂಬಾ. ತವರಿನ ಕೊಟ್ಟಿಗೆಯಲ್ಲಿ ಎಷ್ಟೋ ಕರುಗಳನ್ನು ಕೈಯಾರೆ ಎಳೆದುಕೊಂಡ ಹೆಂಗಸು. ಆದರೆ ಕರುವಿಗಿಂತ ಮಾಸು ಮೊದಲು ಬಂದದ್ದನ್ನು ಆಕೆ ಜನ್ಮದಲ್ಲಿ ಕಂಡಿರಲಿಲ್ಲ. "ಶಿವಾ" ಎಂದು ಕೊಯ್ದೇಬಿಟ್ಟರು. ಗಂಡ ಹೆಂಡತಿ ಇಬ್ಬರೂ ಎಳೆದರು. ಉದ್ದುದ್ದ ಕಾಲುಗಳ ಒದ್ದೆ ಮುದ್ದೆಯೊಂದು ಜಾರಿ ಹುಲ್ಲಿಗೆ ಬಿತ್ತು.

ಮರಿ ಮಿಸುಕಲಿಲ್ಲ. ಗಿರಿಜಾಂಬಾ ಅದರ ಮೂಗು ಸೀಟಿ, ಗೋಣಿಚೀಲದಿಂದ ಪಕ್ಕೆ ತಿಕ್ಕಿದರು, ಬೈದರು, ಮತ್ತೆ ತಿಕ್ಕಿದರು. ಕೊನೆಗೆ ಎದೆಗೂಡು ಒಮ್ಮೆ ಎದ್ದು ಇಳಿಯಿತು. ಬದುಕಿತ್ತು, ಬದುಕಿದ ಹಾಗೆ ಕಾಣುತ್ತಿರಲಿಲ್ಲ ಅಷ್ಟೆ. ಕಿವಿಗಳು ಬಾಡಿದ ಎಲೆಯಂತೆ ಜೋತಿದ್ದವು, ಕೂದಲು ರೇಷ್ಮೆಯಷ್ಟು ತೆಳ್ಳಗಿತ್ತು. ತಿಂಗಳು ತುಂಬಲು ಇನ್ನೂ ಮೂರು ವಾರವಿತ್ತು. ಚೆಲುವಿ ಹಿಂದೆ ಎರಡು ಸಲ ಗರ್ಭ ನಿಲ್ಲದೆ ಕಂದು ಹಾಕಿದ್ದಳು. ಇದೇ ಕಡೆಯದು, ಇನ್ನೊಂದನ್ನು ಅವಳ ಮೈ ತಡೆಯುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಹೇಮಶ್ರೀ ಬಂದವರೇ ಮರಿಯ ಎದೆಗೆ ಸ್ಟೆತಾಸ್ಕೋಪು ಇಟ್ಟು ಕೇಳಿದರು, ಮಾಸನ್ನು ಹರಡಿ ನೋಡಿದರು. ಅದರ ಒಂದು ಮೂಲೆ ದಪ್ಪಗಾಗಿ ಕಂದಿತ್ತು. "ಇಲ್ಲಿ ಕೀವಾಗಿದೆ. ಬಹಳ ದಿನದ್ದು. ಕೆಚ್ಚಲು ಮುಂಚೇನೇ ಇಳಿದಿರಬೇಕಲ್ಲ? ಹಾಲು ತೊಟ್ಟಿಕ್ತಿತ್ತಾ?"

ವೃಷಭೇಂದ್ರಪ್ಪ ಹೆಂಡತಿಯ ಮುಖ ನೋಡಿದರು. ಹಾಲು ತೊಟ್ಟಿಕ್ಕಲು ಶುರುವಾಗಿ ವಾರದ ಮೇಲಾಗಿತ್ತು. ಡಾಕ್ಟರಿಗೆ ಒಂದು ಮಾತು ಹೇಳೋಣ ಎಂದಿದ್ದರು ಅವರು. "ಹಾಲು ಸೋರಿದ್ರೆ ಶುಭ ಕಣ್ರೀ, ಅದಕ್ಯಾಕೆ ಡಾಕ್ಟ್ರು, ಬುಡಿ" ಎಂದು ಬಾಯಿ ಮುಚ್ಚಿಸಿದ್ದು ಗಿರಿಜಾಂಬಾ. ಚೆಲುವಿಯ ಹಣೆಗೆ ಕುಂಕುಮ ಇಟ್ಟು ಆರತಿಯನ್ನೂ ಎತ್ತಿದ್ದರು.

"ತೊಟ್ಟಿಕ್ತಿತ್ತು ಡಾಕ್ಟ್ರಮ್ಮ," ಎಂದರು ಗಿರಿಜಾಂಬಾ. "ಕೆಚ್ಚಲು ಬಿಗೀತಿದೆ, ಪಾಪ ನೋವು ಅಂತ ದಿನಾ ಕರೆದು ತೆಂಗಿನ ಬುಡಕ್ಕೆ ಸುರಿದುಬುಟ್ಟೆ. ಜೇನಿನ ಥರ ಅಂಟಂಟಾಗಿತ್ತು."

ಹೇಮಶ್ರೀ ಚೆಲುವಿಯ ಮೊಲೆತೊಟ್ಟನ್ನು ಅಂಗೈಗೆ ಹಿಂಡಿಕೊಂಡರು. ನೀರುನೀರಾದ ಬಿಳಿ ಹಾಲು. "ಗಿಣ್ಣೆಲ್ಲ ಹೋಗಿದೆ. ಕುದುರೆ ಮರಿ ಮೈಯಲ್ಲಿ ರಕ್ಷೆಯೇ ಇಲ್ದೆ ಹುಟ್ಟುತ್ತೆ ಅಮ್ಮ. ರಕ್ಷೆ ಇರೋದು ಗಿಣ್ಣಲ್ಲಿ. ಅದೂ ಮಧ್ಯಾಹ್ನದೊಳಗೆ ಹೊಟ್ಟೆಗೆ ಬೀಳ್ಬೇಕು. ಬೇರೆ ಕುದುರೆದು ಸಿಗೋ ಕಡೆಯೆಲ್ಲ ಫೋನ್ ಮಾಡ್ತೀನಿ. ಸಂಜೆಗೆ ಬೇರೆ ಕುದುರೆ ರಕ್ತದ ಪ್ಲಾಸ್ಮಾ ಏರಿಸೋಣ. ಅಲ್ಲಿವರೆಗೆ ಹಸುದಾದ್ರೂ ಸಿಕ್ಕಿದ್ರೆ..."

ಮಾತು ಮುಗಿಯುವ ಮೊದಲೇ ಗಿರಿಜಾಂಬಾ ಬೀದಿಯಲ್ಲಿದ್ದರು. ಕೈಗೆ ಮೆತ್ತಿದ ರಕ್ತ ತೊಳೆದಿರಲಿಲ್ಲ. ಮೂರನೇ ಮನೆಯ ಸಿದ್ದಲಿಂಗಮ್ಮನ ಹಸು ನಿನ್ನೆ ಸಂಜೆ ಈದಿತ್ತು. ಆಕೆ ಒಲೆಯ ಮುಂದೆ ಬೆಲ್ಲ ಕುಟ್ಟುತ್ತಿದ್ದಳು, ಪಕ್ಕದಲ್ಲಿ ಗಿಣ್ಣಿನ ಚೊಂಬು.

"ಬೇಯಿಸ್ಬೇಡ ಕಣೇ! ನನ್ನ ಕೂಸಿಗೆ ಬೇಕು."

"ಯಾವ ಕೂಸು ಅಕ್ಕಾ?" ಎಂದ ಸಿದ್ದಲಿಂಗಮ್ಮ ಆ ಕೈಗಳನ್ನು ನೋಡಿದಳು. ಚೊಂಬನ್ನು ಎತ್ತಿಕೊಂಡು ತಾನೇ ಹಿಂದೆ ಓಡಿಬಂದಳು.

ಹೇಮಶ್ರೀ ಮರಿಯ ಮೂಗಿನಿಂದ ನಳಿಕೆ ಇಳಿಸಿ, ಬೆಚ್ಚಗಿನ ಹಳದಿ ಹಾಲನ್ನು ಸ್ವಲ್ಪ ಸ್ವಲ್ಪವೇ ಅದರ ಹೊಟ್ಟೆಗೆ ಬಿಟ್ಟರು. ಆಮೇಲೆ ಕಾಯುವುದು ಬಿಟ್ಟರೆ ಕೆಲಸವಿರಲಿಲ್ಲ. ಬಿಸಿಲು ಲಾಯದ ಬಾಗಿಲಿಗೆ ಬಂತು, ಒಳಕ್ಕೂ ಬಂತು. ಗಿರಿಜಾಂಬಾ ಮರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದರು. ತಿಳಿದವಳು ಎಂಬ ಹಮ್ಮು ಇಷ್ಟು ದಿನ ಅವರಿಗೆ ಬೆನ್ನುಮೂಳೆಯಾಗಿತ್ತು. ಈಗ ಅದೇ ಎದೆಯಲ್ಲಿ ಚುಚ್ಚುತ್ತಿತ್ತು.

ಇದ್ದಕ್ಕಿದ್ದಂತೆ ತೊಡೆ ಹಗುರವಾಯಿತು.

ಮರಿ ತಲೆ ಎತ್ತಿತ್ತು. ಮುಂಗಾಲು ಚಾಚಿತು, ಬಿತ್ತು. ಮತ್ತೆ ಚಾಚಿತು. ಹಿಂಗಾಲುಗಳು ಒಂದೊಂದು ದಿಕ್ಕಿಗೆ ಹೋದವು. ಹಿಡಿಯಲು ಹೋದ ವೃಷಭೇಂದ್ರಪ್ಪನವರನ್ನು ಹೇಮಶ್ರೀ ತೋಳು ಹಿಡಿದು ತಡೆದರು. ನಾಲ್ಕನೆಯ ಸಲವೋ ಐದನೆಯ ಸಲವೋ, ಗಡಗಡ ನಡುಗುತ್ತ, ಆ ಮರಿ ನಿಂತಿತು. ಸಿದ್ದಲಿಂಗಮ್ಮ ಕೈ ಮುಗಿದೇಬಿಟ್ಟಳು.

"ಇದೆಂಗೆ ಡಾಕ್ಟ್ರೇ? ಮೂರು ವಾರ ಮುಂಚೆ ಹುಟ್ಟಿದ್ದು!" ವೃಷಭೇಂದ್ರಪ್ಪ ಹೇಮಶ್ರೀಯ ಕಡೆ ತಿರುಗಿದರು.

"ಒಳಗೆ ಕಷ್ಟ ಆಗ್ತಿರೋದು ಮರಿಗೆ ಗೊತ್ತಾಗುತ್ತೆ ಸಾರ್. ಕೆಲವು ಮರಿಗಳು ಅಲ್ಲೇ ಬೇಗ ಬೇಗ ಬಲಿಯೋಕೆ ಶುರು ಮಾಡ್ತವೆ. ಶ್ವಾಸಕೋಶನೂ ಬಲಿಯುತ್ತೆ, ಮೂಳೆನೂ ಬಲಿಯುತ್ತೆ. ಓದಿದ್ದೆ. ಆದ್ರೆ ಕಣ್ಣಾರೆ..." ಹೇಮಶ್ರೀ ಮಾತು ನಿಲ್ಲಿಸಿ ಕನ್ನಡಕ ತೆಗೆದು ಒರೆಸಿಕೊಂಡರು. "ಇನ್ನೂ ಗೆದ್ದಿಲ್ಲ. ಎರಡು ಮೂರು ದಿನ ನೋಡ್ಬೇಕು."

"ಮನೇಲಿ ಕಷ್ಟ ಇದ್ರೆ ಮಕ್ಕಳು ಬೇಗ ದೊಡ್ಡೋರಾಗಲ್ವ, ಅಂಗೆ," ಎಂದಳು ಸಿದ್ದಲಿಂಗಮ್ಮ.

ಗಿರಿಜಾಂಬಾ ಮರಿಯ ಉದ್ದ ಕಾಲುಗಳನ್ನೇ ನೋಡಿದರು. ಕತ್ತಲೆಯ ಗರ್ಭದಲ್ಲಿ, ಯಾರೂ ಹೇಳಿಕೊಡದೆ, ಇಷ್ಟು ಪುಟ್ಟ ಜೀವವೊಂದು ತನ್ನ ದಾರಿಗೆ ತಾನೇ ಸಿದ್ಧವಾಗುತ್ತಿತ್ತು. ತಾನು ಹೊರಗೆ ಆರತಿ ಎತ್ತುತ್ತಿದ್ದಾಗಲೇ. ಅವರ ಮೈ ಜುಮ್ಮೆಂದಿತು.

ಚೆಲುವಿ ಎದ್ದು ನಿಂತಿದ್ದಳು. ಮರಿ ತೂರಾಡುತ್ತ ಅವಳ ಪಕ್ಕೆ ಮೂಸಿತು, ಮೊಣಕಾಲು ಮೂಸಿತು, ಮತ್ತೆಲ್ಲೋ ಹುಡುಕಿತು. ಕೆಚ್ಚಲಿನ ತುದಿಯಲ್ಲಿ ಹಾಲಿನ ಹನಿಯೊಂದು ತುಂಬಿಕೊಂಡು ತೂಗುತ್ತಿತ್ತು. ಅಭ್ಯಾಸಬಲದಿಂದ ಗಿರಿಜಾಂಬಾರ ಕೈ ಅದರತ್ತ ಹೋಯಿತು. ಅರ್ಧದಲ್ಲೇ ನಿಂತಿತು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, ಆ ಹನಿ ಬೀಳುವ ಮೊದಲು ಮರಿಯ ತುಟಿ ಅಲ್ಲಿಗೆ ಮುಟ್ಟೀತೇ ಎಂದು ನೋಡುತ್ತ ಕೂತರು.