ರೈಲಿಗೆ ಬೆನ್ನು ಹಾಕಿದ ಊರು

“ಏಳನೇ ಕ್ಲಾಸಿಗೇ ಪಾಟೀಚೀಲ ಎಸೆದು ಓಡಿದೋನು, ಊರಿನ ಚರಿತ್ರೆ ಬರೀತೀಯಾ? ‘ಇಲ್ಲಿ ಉಗುಳಬೇಡಿ’ ಅಂತ ಬೋರ್ಡು ಬರಿ. ನಿನಗೆ ಅಷ್ಟು ಸಾಕು.”

ಪುರಸಭೆಯ ಅಧ್ಯಕ್ಷರು ಹೊಸ ಸ್ಟೇಷನ್ನಿನ ಗೋಡೆಯೆದುರು ನಿಂತು ಹೀಗಂದಾಗ ಹಿಂದಿದ್ದವರೆಲ್ಲ ಘೊಳ್ಳೆಂದು ನಕ್ಕರು. ಪೇಂಟರ್‌ನ ಕಿವಿ ಕಾದ ಹೆಂಚಾಯಿತು.

ಈ ಗೋಡೆಯ ಮೇಲೆ ಊರಿನ ಕಥೆಯನ್ನು ಚಿತ್ರವಾಗಿ ಬರಿ ಎಂದವರು ಅವರೇ. ಅವರಿಗೆ ಬೇಕಿದ್ದದ್ದು ಕೋಟು ತೊಟ್ಟ ಹಿರಿಯರು ನಕ್ಷೆ ಹಿಡಿದು ರೈಲನ್ನು ಸ್ವಾಗತಿಸುವ ಚಿತ್ರ. ಇವನು ಬರೆದದ್ದು ಮನೆಗಳ ಬೆನ್ನು: ಮಸಿ ಹಿಡಿದ ಅಡುಗೆಮನೆ, ಒಣಹಾಕಿದ ಚಡ್ಡಿ, ಸಾಲು ಕಕ್ಕಸು.

ನಿಜ ಇದ್ದದ್ದೇ ಹಾಗೆ. ನಗರದ ಬಾಡಿಗೆಗೆ ಸೋತ ಬಡಗಿಗಳು, ಗಾರೆಯವರು ಈ ಜೌಗಿಗೆ ಬಂದಾಗ ಯಾರೋ ಸಾಲಾಗಿ ಗೂಟ ಹೊಡೆದು ಹೋಗಿದ್ದರು. ರೈಲು ಬರುವುದು ಇಲ್ಲೇ ಎಂದುಕೊಂಡು ಎಲ್ಲರೂ ಅತ್ತ ಬಾಗಿಲಿಟ್ಟು ಮನೆ ಕಟ್ಟಿದರು. ಗೂಟ ಯಾಕೆ ಎಂದು ಕೇಳಿದರೆ ಪೆದ್ದರು ಅಂದಾರು ಎಂದು ಯಾರೂ ಕೇಳಲಿಲ್ಲ. ಗೂಟದ ಗುಂಟ ಬಂದದ್ದು ನಗರದ ದೊಡ್ಡ ಚರಂಡಿ. ರೈಲು ಬಂದದ್ದು ಹಿತ್ತಲಿಗೆ. “ಈ ಊರಲ್ಲಿ ನೆಂಟರಿಗೆ ಮೊದಲು ಕಕ್ಕಸು ತೋರಿಸ್ತಾರೆ” ಎಂದು ಪ್ರಯಾಣಿಕರು ನಗುತ್ತಿದ್ದರು.

ಒಂದು ದಿನ ರೈಲು ಹಿತ್ತಲಲ್ಲೇ ಕೆಟ್ಟು ನಿಂತಿತು. ಪೇಂಟರ್‌ನ ಅಜ್ಜಿ ಅಡುಗೆಮನೆ ಕಿಟಕಿಯಿಂದ ಟೀ ಕೊಟ್ಟಳು. ಮಾರನೆಯ ದಿನ ಪಕ್ಕದ ಕಿಟಕಿಯೂ ತೆರೆಯಿತು. ಕಿಟಕಿ ಬಾಗಿಲಾಯಿತು, ಬಾಗಿಲು ಅಂಗಡಿಯಾಯಿತು; ಟೈಲರ್ ಬಂದ, ಸೈಕಲ್ ರಿಪೇರಿ ಬಂತು, ಆಮೇಲೆ ಬ್ಯಾಂಕು, ಮೊಬೈಲ್ ಅಂಗಡಿ. ಚರಂಡಿಯ ಮೇಲೆ ಚಪ್ಪಡಿ ಬಿದ್ದು ಮಕ್ಕಳು ಚೆಂಡಾಡಿದರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಈ ಊರಿಗೆ ಅನ್ನ ಹಾಕಿದ್ದೇ ಹಿತ್ತಲು.

“ಈ ಚಿತ್ರದ ಮೇಲೆ ನಾಳೆಯೊಳಗೆ ಸುಣ್ಣ ಬಳಿ” ಎಂದು ಅಧ್ಯಕ್ಷರು ಹೊರಟುಹೋದರು.

ಮರುದಿನ ಬೆಳಗ್ಗೆ ಅವನು ಹಲ್ಲು ಕಚ್ಚಿಕೊಂಡು ಸುಣ್ಣ ಕಲಸುತ್ತಿದ್ದ. ಬಳಿದರೆ ಅಜ್ಜಿಯ ಕಿಟಕಿ ಹೋಗುತ್ತದೆ. ಬಳಿಯದಿದ್ದರೆ ಬೇರೆ ಪೇಂಟರ್ ಬಂದು ಬಳಿಯುತ್ತಾನೆ. ಅಷ್ಟರಲ್ಲಿ ಅಧ್ಯಕ್ಷರ ತಾಯಿ ಕೋಲೂರಿಕೊಂಡು ಬಂದು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತಳು.

“ಎಲ್ಲರ ಕಿಟಕಿ ತೆಗೆದಿದ್ದೀಯ. ನಮ್ಮದು ಯಾಕಪ್ಪ ಮುಚ್ಚಿದೆ?”

ನಿನ್ನೆ ಅಧ್ಯಕ್ಷರು ಹೋದಮೇಲೆ ಅವನು ಬೇಕೆಂದೇ ಅದನ್ನು ಮುಚ್ಚಿದ್ದ. “ನಿಮ್ಮ ಮಗನಿಗೆ ಹಿತ್ತಲು ಅಂದ್ರೆ ನಾಚಿಕೆ ಅಲ್ವಾ ಅಜ್ಜಿ, ಅದಕ್ಕೆ.”

“ನಾಚಿಕೆ ಅವನದು, ಕಿಟಕಿ ನಂದು. ನಿಮ್ಮಜ್ಜಿ ಟೀ ಕೊಟ್ರೆ ಬನ್ನು ಕೊಟ್ಟೋಳು ನಾನು. ಬರೀ ಟೀ ಕುಡಿದು ಊರು ಬೆಳೀತಾ? ನಿನ್ನ ಸಿಟ್ಟಿಗೆ ನನ್ನ ಯಾಕೆ ಅಳಿಸ್ತೀಯ?”

ಅವನು ಸುಣ್ಣದ ಬಕೆಟ್ಟನ್ನು ಪಕ್ಕಕ್ಕೆ ಸರಿಸಿ ಕುಂಚದಿಂದ ಆ ಕಿಟಕಿ ತೆರೆದ. ಬನ್ನು ಹಿಡಿದ ಕೈಯೊಂದನ್ನು ಹೊರಗಿಟ್ಟ.

“ಕೈ ದಪ್ಪ ಮಾಡು. ಆಗ ಚೆನ್ನಾಗಿ ತಿಂತಿದ್ದೆ.”

ನೋಡನೋಡುತ್ತ ಜನ ಸೇರಿದರು. “ನಮ್ಮಪ್ಪನ ಮಿಷನ್ನು ಎಲ್ಲಿ?” ಎಂದ ಟೈಲರ್. ಕ್ಷೌರದವನಿಗೆ ತನ್ನ ಕನ್ನಡಿ ಬೇಕಿತ್ತು. ನಿನ್ನೆ ನಕ್ಕವರೇ ಇಂದು ನಮ್ಮದು ಇನ್ನೂ ಈಚೆಗೆ, ನಮ್ಮದು ಆಚೆಗೆ ಎಂದು ಜಗಳಕ್ಕಿಳಿದರು.

ಅಧ್ಯಕ್ಷರು ಬಂದಾಗ ತಾಯಿ ಸ್ಟೂಲಿನ ಮೇಲೆ ಕೂತು ಬಕೆಟ್ಟಿನ ಅಂಚಿಗೆ ಕಾಲಿಟ್ಟಿದ್ದಳು.

“ಸುಣ್ಣ ಬಳಿ ಅಂದಿದ್ದೆನಲ್ಲ.”

“ಬೇಕಾದ್ರೆ ನನ್ನ ಕಾಲು ಎತ್ತಿಟ್ಟು ನೀನೇ ಬಳಿಯಪ್ಪ,” ಎಂದಳು ತಾಯಿ.

ಅಧ್ಯಕ್ಷರು ಬಕೆಟ್ ನೋಡಿದರು, ದಪ್ಪ ಕೈ ನೋಡಿದರು, ಸುತ್ತ ನಿಂತ ಜನರನ್ನು ನೋಡಿದರು. ಬಗ್ಗಲಿಲ್ಲ. ಪೇಂಟರ್‌ನ ಕಡೆ ತಿರುಗಿ, “ಅಲ್ಲಯ್ಯ, ಇದರಲ್ಲಿ ಊರಿನ ಮರ್ಯಾದೆ ಎಲ್ಲಿದೆ, ಹೇಳು ನೋಡೋಣ,” ಎಂದರು.

ಅವನ ನಾಲಿಗೆಯ ತುದಿಯಲ್ಲಿ ಸಾಣೆ ಹಿಡಿದ ಮಾತೊಂದು ಕೂತಿತ್ತು. ಗೋಡೆಯ ಆ ತುದಿಯಿಂದ ಟೈಲರ್ ಕೈ ಬೀಸಿ ಕರೆಯುತ್ತಿದ್ದ. ಅಲ್ಲಿ ಇನ್ನೂ ಬೇಕಾದಷ್ಟು ಜಾಗವಿತ್ತು. ಅವನು ಆ ಮಾತನ್ನು ಅಲ್ಲೇ ಬಿಟ್ಟು, ನೀಲಿ ಬಣ್ಣದ ಡಬ್ಬ ಎತ್ತಿಕೊಂಡು ಅತ್ತ ನಡೆದ.