ಕುದಿಸಮ್ಮ

ನಮ್ಮ ಬೀದಿಯವರು ನನ್ನ ಮಗಳಿಗೆ ಇಟ್ಟ ಹೆಸರು ಕುದಿಸಮ್ಮ. ನೀರಿನ ಕಚೇರಿಯ ಪರವಾಗಿ ಮನೆಮನೆಗೆ ಹೋಗಿ, ಬೋರ್‌ವೆಲ್ ನೀರನ್ನು ಕುದಿಸಿ ಕುಡಿಯಿರಿ ಎಂದು ತಿಳಿಹೇಳುವುದು ಅವಳ ಕೆಲಸ. ತಿರುವಿನಲ್ಲಿ ಕಂಡರೆ ಸಾಕು, "ಕುದಿಸಮ್ಮ ಬಂದ್ಲು, ಒಲೆ ಹಚ್ರೇ!" ಎಂದು ಹೆಂಗಸರು ನಗುತ್ತಿದ್ದರು. ನಕ್ಕರೂ ಕುದಿಸುತ್ತಿದ್ದರು.

ಕಚೇರಿ ಅವಳನ್ನು ತರಬೇತಿಗೆ ಕಳಿಸಿತ್ತು. ಸಂಜೆ ಬಂದವಳು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನಡೆದು, ಒಲೆಯ ಮೇಲಿದ್ದ ನೀರನ್ನು ಬಚ್ಚಲಿಗೆ ಸುರಿದಳು.

"ಯಾಕೇ, ಹಲ್ಲಿ ಬಿತ್ತಾ?"

"ಹಲ್ಲಿ ಬಿದ್ದಿದ್ರೆ ಎಷ್ಟೋ ವಾಸಿಯಿತ್ತಮ್ಮ."

ಹೊಲಗಳಿಗೆ ಸುರಿದ ಗೊಬ್ಬರ ನೆಲದೊಳಗೆ ಇಳಿದು ಬೋರ್‌ವೆಲ್ ಸೇರಿದೆಯಂತೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಗೊಬ್ಬರದ ಉಪ್ಪು ಸಾಯುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಹೆಚ್ಚುತ್ತದೆ. ದೊಡ್ಡವರು ತಡೆದುಕೊಂಡಾರು. ಬಾಟಲಿ ಹಾಲಿನ ಕೂಸಿನ ತುಟಿ ನೀಲಿಯಾಗುತ್ತದೆ.

ಎದುರುಮನೆ ಹೊಲಿಗೆಯವಳ ಚೊಚ್ಚಲ ಕೂಸು ಹಾಗೆಯೇ ನೀಲಿಗಟ್ಟಿ ತೀರಿಹೋಗಿತ್ತು. ಎದೆಹಾಲು ಬತ್ತಿ, ಕುದಿಸಿದ ನೀರಲ್ಲೇ ಪುಡಿಹಾಲು ಕಲಸಿ ಕೊಡುತ್ತಿದ್ದಳು. ಈಗ ತೊಟ್ಟಿಲಲ್ಲಿ ಎರಡನೆಯದು. ಅದಕ್ಕೂ ಈ ವಾರ ಪುಡಿಹಾಲು ಶುರುವಾಗಿದೆ.

"ಹೇಗೆ ಹೇಳ್ಬೇಕಂತ ಕಲಿಸಿದ್ರು?"

"ಮೊದಲು ಕೂತ್ಕೋಬೇಕಂತೆ. 'ತಪ್ಪಾಯ್ತು' ಅನ್ನಬಾರದಂತೆ, 'ಹೊಸ ಮಾಹಿತಿ ಬಂದಿದೆ' ಅನ್ನಬೇಕಂತೆ." ಅವಳು ಕಚೇರಿಯಿಂದ ತಂದಿದ್ದ ಶುದ್ಧ ನೀರಿನ ಕ್ಯಾನಿನ ಕಡೆ ನೋಡಿದಳು. "ಅಮ್ಮ, ಏನೂ ಹೇಳ್ದೆ ಇದನ್ನ ಎದುರುಮನೆಗೆ ಕೊಟ್ಟು ಬಂದ್ಬಿಡ್ಲಾ?"

"ಕ್ಯಾನು ನಾಳೆ ಖಾಲಿಯಾಗುತ್ತೆ. ಆಮೇಲೆ ಮತ್ತೆ ಕುದಿಸ್ತಾಳೆ. ನಿನ್ನ ಮಾತು ವೇದವಾಕ್ಯ ಅವಳಿಗೆ. ಏಳು, ನಾನೂ ಬರ್ತೀನಿ."

ಹೊಲಿಗೆಯವಳು ಹಲ್ಲಲ್ಲಿ ದಾರ ಕಚ್ಚಿಕೊಂಡೇ ನಕ್ಕಳು. "ಬಾ ಕುದಿಸಮ್ಮಕ್ಕ. ನೋಡ್ಕೋ, ಒಲೆ ಮೇಲೇ ಇದೆ. ಇವತ್ತೂ ಪಾಸ್ ಮಾಡು ನನ್ನ."

ಮಗಳು ಕೂತಳು. "ಹೊಸ ಮಾಹಿತಿ..." ಎಂದು ತಡವರಿಸಿದಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಆಗ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕೊನೆಗೆ, "ನಾನು ಹೇಳಿಕೊಟ್ಟಿದ್ದೇ ತಪ್ಪು ಕಣೇ," ಎಂದಳು.

ಹೊಲಿಗೆಯವಳು ಅಳಲಿಲ್ಲ. ಎದ್ದು ಒಲೆ ಆರಿಸಿದಳು. ಕೂಸನ್ನೆತ್ತಿ ಬಾಗಿಲ ಬೆಳಕಿಗೆ ತಂದು, ತುಟಿಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದಳು. ಇನ್ನೂ ಕೆಂಪಗೇ ಇತ್ತು.

"ಮೊದಲನೇದಕ್ಕೆ ಎರಡೆರಡು ಸಲ ಕುದಿಸ್ತಿದ್ದೆ ಅಕ್ಕ," ಎಂದಳು, ಕೂಸಿನ ಮುಖದಿಂದ ಕಣ್ಣು ತೆಗೆಯದೆ. "ನೀನು ಒಂದೇ ಸಲ ಅಂದಿದ್ದೆ. ನಂಗೇ ಸಮಾಧಾನ ಆಗ್ತಿರ್ಲಿಲ್ಲ."