ಟಗರು ಬೀಳಿಸುವ ರಿವಾಲ್ವರ್

ಏಪ್ರಿಲ್ ಮುಗಿಯುತ್ತ ಬಂದಿತ್ತು. ಬೆಳಿಗ್ಗೆ ದನಗಳಿಗೆ ಹುಲ್ಲು ಹಾಕಿ ಮುಗಿಸುವ ಹೊತ್ತು. ರಸ್ತೆ ಪಕ್ಕದ ಗುಂಡಿಗಳಲ್ಲಿ ಹಿಮ ಇನ್ನೂ ಕೊಳಕು ಬಟ್ಟೆಯ ಹಾಗೆ ಮುದುಡಿಕೊಂಡಿತ್ತು. ಮೊಂಟಾನಾದ ಸೇಜ್ ಫೋರ್ಕ್ ಕಣಿವೆಯ ವರ್ನಾ ಟೊಲೆಫ್ಸನ್, ಪಕ್ಕದ ರ‍್ಯಾಂಚಿನ ಡೇಲ್ ಹ್ರುಸ್ಕಾನ ಪಿಕಪ್ ಹತ್ತಿ ಆರ್ಡಿತ್ ಪ್ರೂಯಿಟ್‌ಳ ಮನೆಗೆ ಹೊರಟಳು.

ವರ್ನಾಳ ಹಳೆಯ ರಿವಾಲ್ವರಿನ ನಳಿಗೆ ಬುಡದಲ್ಲಿ ಬಿರುಕು ಬಿಟ್ಟಿತ್ತು. ಹೊಸದು ತರಿಸಿದರೆ ಕೈಗೆ ಬರುವುದು ಚಳಿಗಾಲಕ್ಕೆ. ಅಷ್ಟು ಕಾಯುವ ಹಾಗಿರಲಿಲ್ಲ. ಕಣ್ಣಿನ ಒಳಪರದೆ ಸವೆಯುತ್ತಿದೆ, ಮುಂದಿನ ವರ್ಷ ನಳಿಗೆಯ ತುದಿಯಲ್ಲಿರುವ ಗುರಿಯ ಮೊನೆ ಕಾಣುವುದಿಲ್ಲ ಎಂದು ವೈದ್ಯರು ಖಂಡಿತವಾಗಿ ಹೇಳಿದ್ದರು. ಅವಳು ಆಡುವುದಾದರೆ ಈ ಬೇಸಿಗೆ ಆಡಬೇಕು, ಮತ್ತು ರಾಜ್ಯದ ಪಂದ್ಯ ಬರುವ ಶನಿವಾರವೇ.

ಅವರ ಪಂದ್ಯ ಕಬ್ಬಿಣದ ಪ್ರಾಣಿಗಳದ್ದು. ದಪ್ಪ ತಗಡಿನಲ್ಲಿ ಕತ್ತರಿಸಿದ ಕೋಳಿ, ಹಂದಿ, ಟರ್ಕಿ ಕೋಳಿ. ಎಲ್ಲಕ್ಕಿಂತ ಆಚೆ, ಇನ್ನೂರು ಮೀಟರ್ ದೂರದಲ್ಲಿ, ಟಗರುಗಳ ಸಾಲು. ಗುಂಡು ತಾಗಿ ಠಣ್ ಎಂದರೆ ಸಾಲದು, ಪ್ರಾಣಿ ಬೀಳಬೇಕು. ಸಣ್ಣ ಬಾಯಿಯ ರಿವಾಲ್ವರಿನ ಗುಂಡಿಗೆ ಟಗರು ಒಮ್ಮೆ ಅಲ್ಲಾಡಿ ಮತ್ತೆ ನೆಟ್ಟಗೆ ನಿಲ್ಲುತ್ತದೆ. ಅದಕ್ಕೇ ಅಲ್ಲಿಯವರು ನಲವತ್ನಾಲ್ಕು ಕ್ಯಾಲಿಬರಿನ, ದೊಡ್ಡ ಬಾಯಿಯ ರಿವಾಲ್ವರ್ ಹಿಡಿಯುವುದು.

ಆರ್ಡಿತ್‌ಳ ಗಂಡ ವೆಂಡೆಲ್ ಆ ಕಣಿವೆಯಲ್ಲೇ ಒಳ್ಳೆಯ ಗುರಿಕಾರ. ಹಿಂದಿನ ಶರತ್ಕಾಲದಲ್ಲಿ ತೀರಿಕೊಂಡಿದ್ದ. ಅವಳೀಗ ಸ್ಪೋಕೇನ್‌ನಲ್ಲಿರುವ ಮಗಳ ಹತ್ತಿರ ಹೋಗುವವಳು. ಅಡುಗೆಮನೆಯ ಮೇಜಿನ ಮೇಲೆ ಟವೆಲ್ ಹಾಸಿ, ಅವನ ಒಂದೇ ಮಾದರಿಯ ಎರಡು ರಿವಾಲ್ವರ್ ಮಾರಲು ಇಟ್ಟಿದ್ದಳು.

"ಮೊದ್ಲು ಕಾಫಿ ಕುಡೀರಿ. ಕಬ್ಬಿಣಕ್ಕೇನು ಕಾಲಿದ್ಯಾ, ಎದ್ದು ಓಡೋಕೆ?"

"ಕಾಫಿ ಆಮೇಲೆ ಆರ್ಡಿತ್. ಇವ್ಳು ನಿನ್ನೆ ರಾತ್ರಿಯಿಂದ ತುದಿಗಾಲ ಮೇಲಿದ್ದಾಳೆ," ಎಂದ ಡೇಲ್.

ವರ್ನಾ ಒಂದೊಂದನ್ನೇ ತೆರೆದು, ಖಾಲಿಯಿದೆ ಎಂದು ತಾನು ನೋಡಿ, ಡೇಲ್‌ಗೂ ತೋರಿಸಿದಳು. ಆಮೇಲೆ ಆರ್ಡಿತ್‌ಳ ಮುಖ ನೋಡಿ, "ಖಾಲೀದೇ ಸುತ್ತಿಗೆ ಒಂದ್ಸಲ ಎಳೀಲಾ?" ಎಂದಳು. ಕೇಳದೆ ಎಳೆದವರನ್ನು ಆ ಕಡೆ ಎರಡನೆಯ ಸಲ ಮನೆಗೆ ಕರೆಯುವುದಿಲ್ಲ.

"ಎಳಿಯಮ್ಮ."

ಗುಂಡುಗಳ ಉರುಳೆಯನ್ನು ಬೆರಳಿನಿಂದ ತುಸು ತಡೆಹಿಡಿದು, ಗುಂಡು ಸಿಡಿಸುವ ಹಿಂಬದಿಯ ಸುತ್ತಿಗೆಯನ್ನು ನಿಧಾನವಾಗಿ ಎಳೆದಳು. ಉರುಳೆ ತಿರುಗಿ, ಗುಂಡು ಕೂರುವ ಪ್ರತಿ ಗೂಡೂ ನಳಿಗೆಗೆ ಸರಿಯಾಗಿ ಬಂದು ಕಚ್ಚಿಕೊಂಡಿತು. ಎರಡರಲ್ಲೂ ತಪ್ಪಿಲ್ಲ. ಕೊನೆಗೆ ಜೇಬಿನಿಂದ ಸಂದು ಅಳೆಯುವ ತಗಡಿನ ಎಸಳುಗಳನ್ನು ತೆಗೆದಳು. ಉರುಳೆಗೂ ನಳಿಗೆಗೂ ನಡುವಿನ ಸಂದು ಕಿರಿದಾದಷ್ಟೂ ಹೊಗೆ ಸೋರುವುದು ಕಡಿಮೆ, ಗುಂಡಿಗೆ ವೇಗ ಜಾಸ್ತಿ. ಮೊದಲನೆಯದರಲ್ಲಿ ದಪ್ಪ ಎಸಳು ಸಲೀಸಾಗಿ ಹೋಯಿತು. ಎರಡನೆಯದರಲ್ಲಿ ಎಲ್ಲಕ್ಕಿಂತ ತೆಳುವಾದದ್ದೂ ತಿಣುಕಿತು.

"ಅಬ್ಬಾ! ಇದು ಸೋರೋದೇ ಇಲ್ವಲ್ಲೇ," ಡೇಲ್ ಬಗ್ಗಿ ನೋಡಿದ. "ಕಣ್ಮುಚ್ಕೊಂಡು ತಗೋ."

"ಇದೇ," ಎಂದಳು ವರ್ನಾ.

ಆರ್ಡಿತ್ ಕೋಟು ತರಲು ಎದ್ದಳು. ಮಾರುವವರು ತಾವಾಗಿ ಹೊಗಳಬಾರದು, ಹಳಿಯಲೂಬಾರದು. ಕಬ್ಬಿಣದ ಪ್ರಾಣಿಗಳಿರುವ ಮೈದಾನದಲ್ಲಿ ಹೊಡೆದು ನೋಡಿದ ಮೇಲೆಯೇ ವ್ಯಾಪಾರ. ಅದು ಕಣಿವೆಯ ರೂಢಿ. ಕೋಟು ಹಾಕಿಕೊಂಡು, ಎರಡನ್ನೂ ಪೆಟ್ಟಿಗೆಗೆ ಹಾಕಿ, ತಾನೂ ಜೊತೆಗೆ ಬಂದಳು.

ಮೈದಾನದಲ್ಲಿ ಗಾಳಿಯಿರಲಿಲ್ಲ. ವರ್ನಾ ಮನೆಯಲ್ಲೇ ಎರಕ ಹೊಯ್ದ ಸೀಸದ ಗುಂಡು ತುಂಬಿ, ಆ ಪಂದ್ಯದ ಪದ್ಧತಿಯಂತೆ ಅಂಗಾತ ಮಲಗಿ, ರಿವಾಲ್ವರನ್ನು ಕಾಲಿಗೆ ಆನಿಸಿ ಹೊಡೆದಳು. ಕೋಳಿ ಹಾರಿದವು, ಹಂದಿ ಮಗುಚಿದವು. ಡೇಲ್ ದುರ್ಬೀನು ಹಿಡಿದು ಕೂತು ಹಾಡೇ ಹೇಳುವಂತಿದ್ದ. ಟರ್ಕಿಗಳ ಸರದಿಯ ನಡುವೆ ಸುತ್ತಿಗೆ ಬಿಗಿಯಾಯಿತು. ಟಗರಿನ ಸಾಲಿಗೆ ಬರುವಷ್ಟರಲ್ಲಿ ಎರಡು ಹೆಬ್ಬೆರಳು ಹಾಕಿ ಎಳೆದರೂ ಉರುಳೆ ತಿರುಗಲೊಲ್ಲದು.

"ಏನಾಯ್ತೇ? ನಿದ್ದೆ ಬಂತಾ?"

"ಬಾಯ್ಮುಚ್ಚು ಡೇಲ್. ಕಚ್ಕೊಂಡಿದೆ."

ನಳಿಗೆಯನ್ನು ಮಣ್ಣಿನ ದಿಬ್ಬದ ಕಡೆಗೇ ಇಟ್ಟುಕೊಂಡು ಕಾದು, ಉರುಳೆ ತುಸು ಆರಿದ ಮೇಲೆ ಗುಂಡುಗಳನ್ನು ತೆಗೆದಳು. ಕಾದ ಉರುಳೆ ಹಿಗ್ಗಿತ್ತು, ಸೀಸದ ಕಿಟ್ಟ ಆ ಇಷ್ಟೇ ಇಷ್ಟು ಸಂದಿನಲ್ಲಿ ಕೂತಿತ್ತು. ತಾನು ಅಳೆದದ್ದು ತಣ್ಣಗಿದ್ದದ್ದನ್ನು, ಒರೆಸಿಟ್ಟದ್ದನ್ನು. ಪಂದ್ಯದಲ್ಲಿ ಯಾರು ಆರಲು ಬಿಡುತ್ತಾರೆ?

"ನಿಂಗೆ ಗೊತ್ತಿತ್ತಾ ಆರ್ಡಿತ್?"

"ಗೊತ್ತಿಲ್ದೆ ಏನು? ವೆಂಡೆಲ್ ಇದನ್ನ ಹಿಮ ಬಿದ್ದಾಗ ಮಾತ್ರ ಹೊರಗೆ ತೆಗೀತಿದ್ದಿದ್ದು. ನೀನು ನಿನ್ನ ತಗಡನ್ನ ಕೇಳ್ದೆ, ನನ್ನ ಕೇಳ್ಲಿಲ್ಲ."

ಡೇಲ್ ಹೊಟ್ಟೆ ಹಿಡಿದುಕೊಂಡು ನಕ್ಕ. ವರ್ನಾಗೂ ನಗು ಬಂತು. ಕೈ ಚಾಚಿ, "ಆ ಇನ್ನೊಂದು ಕೊಡು," ಎಂದಳು.

"ಅದು ಸೋರತ್ತೆ ಕಣೇ," ಡೇಲ್‌ನ ನಗು ನಿಂತಿತು. "ವೇಗ ಸಾಲ್ದೆ ಟಗರು ಬೀಳ್ದಿದ್ರೆ? ಇರೋದೊಂದು ಬೇಸಿಗೆ."

"ಬೆನ್ನಿನ ಹತ್ರ, ಎತ್ತರಕ್ಕೆ ಹೊಡೆದ್ರೆ ಬೀಳತ್ತೆ. ಎತ್ತರಕ್ಕೆ ಹೊಡಿಯೋದು ನನ್ ಕೆಲಸ. ತಿರುಗೋದು ಅದರ ಕೆಲಸ. ಅದು ಅದರ ಕೆಲಸ ಮಾಡ್ಲಿ ಸಾಕು."

ಕೋಳಿಯಿಂದ ಮತ್ತೆ ಶುರುಮಾಡಿದಳು. ಹೊಗೆ ಸಂದಿನಿಂದ ಭುಸ್ ಎಂದು ಚಿಮ್ಮಿ ಪ್ಯಾಂಟಿನ ಮೇಲಿನ ಚರ್ಮದ ಹೊದಿಕೆ ಕರಿಯಾಯಿತು. ಆರಲು ಬಿಡಲಿಲ್ಲ, ಒರೆಸಲಿಲ್ಲ, ಮುಟ್ಟಿದರೆ ಚುರ್ ಎನ್ನುವಷ್ಟು ಕಾಯಿಸಿದಳು. ಟಗರಿಗೆ ಬಂದಾಗಲೂ ಸುತ್ತಿಗೆ ಬೆಣ್ಣೆಯಂತೆ ಹಿಂದೆ ಬಂತು. ಮೊದಲ ಟಗರು ಬಿತ್ತು. ಎರಡನೆಯದು ಠಣ್ ಎಂದು ಅಲ್ಲಾಡಿ ನಿಂತೇ ಉಳಿಯಿತು.

"ಹೊಟ್ಟೆಗೆ ಬಿತ್ತು. ಕೆಳಗಾಯ್ತು," ಎಂದ ಡೇಲ್, ಈಗ ಮೆಲ್ಲಗೆ.

"ಅದು ನನ್ ತಪ್ಪು," ಎಂದಳು ವರ್ನಾ. ಉಸಿರು ಬಿಟ್ಟು, ಕಣ್ಣು ಕಿರಿದು ಮಾಡಿ, ಗುರಿಯ ಮೊನೆಯನ್ನು ಟಗರಿನ ಬೆನ್ನಿನ ಗೆರೆಗೆ ತಂದಳು. ಮೊನೆಯ ಅಂಚು ತುಸು ಮಬ್ಬಾಗಿತ್ತು, ಆದರೂ ಕಾಣುತ್ತಿತ್ತು. ಉಳಿದ ಟಗರುಗಳು ಒಂದರ ಹಿಂದೊಂದು ಮಗುಚಿದವು. ದಿಬ್ಬದಿಂದ ಸದ್ದು ತಡವಾಗಿ ಬಂತು.

"ವೆಂಡೆಲ್ ಇದ್ದಿದ್ರೆ ಬೈತಿದ್ದ. 'ಎರಡ್ನೇದು ಯಾಕೆ ಬಿಟ್ಟೆ' ಅಂತಿದ್ದ," ಎಂದಳು ಆರ್ಡಿತ್, ಖಾಲಿಯಾದ ರಿವಾಲ್ವರನ್ನು ವರ್ನಾಳ ಕೈಯಲ್ಲೇ ಬಿಟ್ಟು.

"ಶನಿವಾರ ಬಿಡಲ್ಲ."

ಆರ್ಡಿತ್ ಗುರುವಾರ ಸ್ಪೋಕೇನ್‌ಗೆ ಹೊರಟಳು. ಶುಕ್ರವಾರ ಬೆಳಕು ಹರಿಯುವ ಮೊದಲೇ ವರ್ನಾ, ಪಕ್ಕದಲ್ಲಿ ಬಾಯಿ ಮುಚ್ಚದ ಡೇಲ್‌ನನ್ನು ಕೂರಿಸಿಕೊಂಡು, ದೂರದ ಊರಿನಲ್ಲಿ ಮರುದಿನವಿದ್ದ ರಾಜ್ಯದ ಪಂದ್ಯಕ್ಕೆ ಹೊರಟಳು.